ಮೊದಲ ಮೂರಕ್ಷರ

ಸಂಪಗಾಂವದ ಮಾಯವ್ವನ ಎಡ ಮೊಣಕೈ ಕೆಳಗೆ ಹುಟ್ಟಿದಂದಿನಿಂದ ಒಂದು ನೀಲಿ ಗಂಟಿತ್ತು. ಕೈ ಇಳಿಬಿಟ್ಟರೆ ಉಬ್ಬುತ್ತಿತ್ತು, ತಲೆಯ ಮೇಲೆ ಎತ್ತಿ ಹಿಡಿದರೆ ಇಳಿದುಹೋಗುತ್ತಿತ್ತು. ಬಸುರಿಯಿದ್ದಾಗ ತಾಯಿ ಗ್ರಹಣ ನೋಡಿದ್ದಕ್ಕೇ ಹೀಗಾಯಿತೆಂದು ಊರು ತೀರ್ಮಾನಿಸಿತ್ತು. ನೋಡಿದ್ದಳೋ ಇಲ್ಲವೋ, ತಾಯಿಯನ್ನು ಯಾರೂ ಕೇಳಲಿಲ್ಲ. ಊರಿಗೆ ಬೇಕಾದದ್ದು ಒಂದು ಕಾರಣ, ಅದು ಹೆಂಗಸಿನ ತಪ್ಪಾಗಿದ್ದರೆ ಇನ್ನೂ ಅನುಕೂಲ.

ಮಾಯವ್ವ ಅದನ್ನು ತಲೆಗೆ ಹಚ್ಚಿಕೊಂಡವಳಲ್ಲ. ಬೈಲಹೊಂಗಲಕ್ಕೆ ಹೋಗಿ ಹೊಲಿಗೆ ಕಲಿತು, ಪಡಸಾಲೆಯಲ್ಲಿ ಮಶೀನು ಹಾಕಿಕೊಂಡು ಊರ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು.

೧೯೯೭ರಲ್ಲಿ ಸವದತ್ತಿಯಿಂದ ಸಂಬಂಧ ಬಂತು. ಹುಡುಗನ ಕಡೆಯವರಿಗೆ ಅನುಮಾನವಿದ್ದದ್ದು ಕೈಯದೊಂದೇ. ಅಪ್ಪ ಕಾಡಪ್ಪ ಮಗಳನ್ನು ಬೆಳಗಾವಿಯ ದೊಡ್ಡ ಡಾಕ್ಟರರಿಗೆ ತೋರಿಸಿದ. ಹುಟ್ಟುವಾಗಲೇ ರಕ್ತನಾಳ ಸೊಟ್ಟಗೆ ಹೆಣೆದುಕೊಂಡಿದೆ, ಯಾರಿಗೂ ಅಂಟುವುದಿಲ್ಲ, ಸಂಸಾರಕ್ಕೆ ಅಡ್ಡಿಯಿಲ್ಲ ಎಂದು ಹೇಳಿ ಡಾಕ್ಟರರು ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಅದರ ಹೆಸರು ಗೀಚಿಕೊಟ್ಟರು: ವೀನಸ್ ಮಾಲ್ಫಾರ್ಮೇಶನ್.

ಚೀಟಿ ಹುಡುಗನ ಸೋದರಮಾವ ಗಂಗಪ್ಪನ ಕೈಗೆ ಹೋಯಿತು. ಅವನದು ಸವದತ್ತಿ ಬಜಾರದಲ್ಲಿ ಔಷಧದ ಅಂಗಡಿ. ಡಾಕ್ಟರರ ಅಕ್ಷರ ಓದುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಸೊಕ್ಕು ಬೇರೆ. ಮೊದಲ ಮೂರಕ್ಷರ ಓದಿದ, ಉಳಿದದ್ದನ್ನು ತಾನೇ ತುಂಬಿಕೊಂಡ. ‘ವೆನೀರಿಯಲ್’ ಎಂಬ ಪದ ಅವನಿಗೆ ಬಾಯಿಪಾಠ. ಗುಪ್ತರೋಗ ಎಂದುಬಿಟ್ಟ. ಅದನ್ನೂ ಮನೆಯವರ ಕಿವಿಯಲ್ಲಿ ಹೇಳಲಿಲ್ಲ, ಅಂಗಡಿ ಕಟ್ಟೆಯ ಮೇಲೆ ಕೂತು ನಾಲ್ಕು ಮಂದಿಯ ಎದುರಿಗೆ ಹೇಳಿದ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಕೈಗೆ ಎಂಥ ಗುಪ್ತರೋಗ ಎಂದು ಒಬ್ಬನಾದರೂ ಕೇಳಬಾರದೆ? ಸಂಬಂಧ ಮುರಿಯಿತು. ಚೀಟಿ ವಾಪಸು ಬಂತು. ಮಾತು ಮಾತ್ರ ರಾಮದುರ್ಗದ ನೆಂಟರ ಮನೆ ಮುಟ್ಟಿ, ಅಲ್ಲಿಂದ ಸಂಪಗಾಂವಕ್ಕೂ ಬಂತು. ಕುಪ್ಪಸಕ್ಕೆ ಅರಿವೆ ಕೊಟ್ಟವರು ಹೊಲಿಯುವ ಮೊದಲೇ ತಿರುಗಿ ಒಯ್ದರು. ಕಾಡಪ್ಪ ಹೊರಗೆ ಬರುವುದನ್ನೇ ಬಿಟ್ಟ. ಕೊನೆಗೆ ಚಿಕ್ಕವ್ವ ಸುಂದರವ್ವ ಬಾಯಿಬಿಟ್ಟು ಹೇಳಿದಾಗಲೇ ಮಾಯವ್ವನಿಗೆ ತನಗೆ ಯಾವ ರೋಗ ಬಂದಿದೆಯೆಂದು ಗೊತ್ತಾದದ್ದು.

ಅವಳು ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡಳು. ಒಬ್ಬಳೇ ಬಸ್ಸು ಹತ್ತಿ ಬೆಳಗಾವಿಗೆ ಹೋದಳು. ಡಾಕ್ಟರರು ಮೊದಲು ನಕ್ಕರು, ಆಮೇಲೆ ಅವಳ ಮುಖ ನೋಡಿ ಚೀಟಿಯನ್ನು ಮುಂದೆಳೆದುಕೊಂಡರು. ವೀನಸ್, ವೆನೀರಿಯಲ್ ಎರಡೂ ಪದಕ್ಕೆ ಇಂಗ್ಲಿಷಿನಲ್ಲಿ ಮೊದಲ ಮೂರಕ್ಷರ ಒಂದೇ, ನಾಲ್ಕನೆಯದರಿಂದ ದಾರಿ ಬೇರೆ. ಇದು ರಕ್ತನಾಳದ್ದು, ಅದು ಹಾಸಿಗೆಯದು ಎಂದು ಬಿಡಿಸಿ ಹೇಳಿದರು.

ಸಂತೆಯ ದಿನ ಅವಳು ಗಂಗಪ್ಪನ ಅಂಗಡಿಗೆ ಹೋಗಿ ಚೀಟಿ ಮುಂದಿಟ್ಟಳು. ಒಂದೊಂದೇ ಅಕ್ಷರ ಓದಿರಿ ಎಂದಳು. ವಿ, ಇ, ಎನ್ ಎಂದು ಗಂಗಪ್ಪ ಸಲೀಸಾಗಿ ಓದಿದ. ಓ ಬಂದಾಗ ತಡವರಿಸಿದ. ಯು, ಎಸ್ ಎನ್ನುವಷ್ಟರಲ್ಲಿ ಅವನ ದನಿಯೇ ಅಡಗಿತ್ತು. ತಪ್ಪಾಯಿತು, ಒಳಗೆ ಬಂದು ಚಹಾ ಕುಡಿ, ಲಗ್ನ ನಾನೇ ಮುಂದೆ ನಿಂತು ಮಾಡಿಸುತ್ತೇನೆ ಎಂದು ಪಿಸುಗುಟ್ಟಿದ.

“ನಿಮ್ಮ ಹುಡುಗ ನನಗ ಬ್ಯಾಡ್ರಿ,” ಎಂದಳು ಮಾಯವ್ವ. “ನನ್ನ ಹೆಸರ ಕೆಡಸೂ ಮುಂದ ಕಟ್ಟಿ ಮ್ಯಾಲೆ ಕುಂತು ಕೆಡಿಸೀರಿ. ಈಗೂ ಕಟ್ಟಿ ಮ್ಯಾಲೇ ನಿಂತು ಹೇಳ್ರಿ.”

ಸಂತೆಯ ಮಂದಿ ಆಗಲೇ ಗುಂಪುಗೂಡಿದ್ದರು. ಗಂಗಪ್ಪ ಕಟ್ಟೆಯ ಮೇಲೆ ನಿಂತ. “ಈ ಹುಡುಗಿಗೆ ಗುಪ್ತರೋಗ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದವನು, ಗಂಟಲು ಸರಿಮಾಡಿಕೊಂಡು, “ಇಲ್ಲ” ಎಂಬುದನ್ನು ಬಾಯೊಳಗೇ ನುಂಗಿದ. ಹಿಂದೆ ನಿಂತವರು ಮೊದಲರ್ಧವನ್ನಷ್ಟೇ ಕೇಳಿ ಮುಖ ಮುಖ ನೋಡಿಕೊಂಡರು. ಒಬ್ಬಾಕೆಯಂತೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಟೇಬಿಟ್ಟಳು.

ಮಾಯವ್ವ ಎಡಗೈಯನ್ನು ತಲೆಯ ಮೇಲೆ ಎತ್ತಿ ಹಿಡಿದು ಆಕೆಯ ದಾರಿಗೆ ಅಡ್ಡ ನಿಂತಳು. ನೀಲಿ ಗಂಟು ಎಲ್ಲರ ಕಣ್ಣೆದುರಿಗೇ ಇಳಿಯತೊಡಗಿತು.

“ನಿಂದ್ರಬೇ ಯವ್ವಾ,” ಎಂದಳು. “ಇಲ್ಲ ಅನ್ನೂದು ಇನ್ನೂ ಬಾಕಿ ಐತಿ. ಅದನ್ನ ಕೇಳಿ ಹೋಗು.”