ಲೆಕ್ಕ ತಪ್ಪಿಸಿದ ಏಳು ಬುಡ

ತೆಕ್ಕಟ್ಟೆ ಕಡೆಯ ಒಂದು ಬೀಜದ ಫಾರ್ಮಿನಲ್ಲಿ ಕೆಲಸಕ್ಕಿದ್ದ ಚೆನ್ನಯ್ಯನಿಗೆ ಒಂದು ಕಡೆ ಕೂತು ಗೊತ್ತಿಲ್ಲ. ೧೯೬೪ರ ಆ ಮಳೆಗಾಲದಲ್ಲಂತೂ ಅನ್ನ ಸೇರದು, ನಿದ್ದೆ ಹತ್ತದು.

ಭತ್ತದ ತಳಿಗಳಿಗೆ ಮದುವೆ ಮಾಡಿಸುವುದು ಅವನ ಕೆಲಸ. ಒಂದರ ಹೂವಿನ ತುದಿ ಕತ್ತರಿಸಿ, ಒಳಗಿನ ಆರು ಕೇಸರಗಳನ್ನು ಚಿಮಟದಲ್ಲಿ ಕಿತ್ತು, ಇನ್ನೊಂದರ ಪರಾಗ ಉದುರಿಸಬೇಕು. ಮಗು ಹೇಗಿರುತ್ತದೆಂದು ಫಾರ್ಮಿನ ಮೇಲಧಿಕಾರಿ ಭೋಜರಾಜ ಸಾಹೇಬರು ಮೊದಲೇ ಹೇಳಿಬಿಡುತ್ತಿದ್ದರು. ಅಪ್ಪನ ತೆನೆಯ ಕಾಳು, ಅಮ್ಮನ ತೆನೆಯ ಕಾಳು ಕೂಡಿಸಿ ಅರ್ಧ ಮಾಡಿದರೆ ಅವರಿಗೆ ಮುಗಿಯಿತು. ಹನ್ನೆರಡು ವರ್ಷ ಕೆಸರಲ್ಲಿ ನಿಂತು ನೋಡಿದ ಚೆನ್ನಯ್ಯನಿಗೆ ಈ ಲೆಕ್ಕ ರುಚಿಸುತ್ತಿರಲಿಲ್ಲ. ಗುಣಗಳು ಒಂದನ್ನೊಂದು ಎಬ್ಬಿಸುತ್ತವೆ, ಒಂದನ್ನೊಂದು ಅದುಮುತ್ತವೆ. ಅವನ್ನು ಬರೀ ಕೂಡಿಸಿದರೆ ಆದೀತೇ?

ಕೆರಾಡಿಯದೊಂದು ಕೆಂಪು ಭತ್ತ, ಮರವಂತೆಯದೊಂದು ಉಪ್ಪುನೀರಿನ ಭತ್ತ. ಎರಡೂ ಬಡಕಲು, ತೆನೆಗೆ ಎಂಬತ್ತು ಕಾಳು ದಾಟದವು. ಮಗುವೂ ಅಷ್ಟೇ ಎಂದು ಸಾಹೇಬರು ಎರಡನ್ನೂ ಕಿತ್ತು ಹಾಕಿಸಿ, ಅವುಗಳ ಮದುವೆಯಿಂದ ಹುಟ್ಟಿದ ಏಳು ಕಾಳನ್ನೂ ಎಸೆಯಲು ಹೇಳಿದರು. ಚೆನ್ನಯ್ಯ ಅವನ್ನು ಕದ್ದು ತಂದು ತನ್ನ ಗದ್ದೆಯ ಮೂಲೆಯಲ್ಲಿ ಊರಿದ. ಕೆಲಸ ಹೋದೀತೆಂದು ಮನೆಯಲ್ಲೂ ಬಾಯಿ ಬಿಡಲಿಲ್ಲ.

ಏಳೂ ಬುಡ ಎದೆಮಟ್ಟ ಬಂದವು. ದಿನಕ್ಕೆ ನಾಲ್ಕು ಸಲ ಹೋಗಿ ನೋಡುತ್ತಿದ್ದ. ಇನ್ನು ಹದಿನೈದು ದಿನ ಕಾಳು ಬಲಿತರೆ ಸಾಕು, ಸಾಹೇಬರ ಮುಂದಿಡಬಹುದು. ಆಮೇಲೆ ಬೈದರೂ ಬೈಯಲಿ. ಬೀಜವೂ ಉಳಿಯುತ್ತದೆ.

ಹೊಸ ತೆನೆ ಮನೆಗೆ ತರುವ ಹೊಸ್ತಿನ ದಿನ ಬೆಳಿಗ್ಗೆ ಹೋದರೆ ಮೂಲೆ ಬೋಳು. ಒಂದು ತೆನೆಯೂ ಇಲ್ಲ. ಓಡಿ ಮನೆಗೆ ಬಂದ. ಬಾಗಿಲು, ಕಂಬ, ನೊಗ, ಒನಕೆ, ಎಲ್ಲದಕ್ಕೂ ಮಾವಿನೆಲೆಯ ಜೊತೆ ಅವನ ತೆನೆಗಳನ್ನು ಕಟ್ಟಿಯಾಗಿತ್ತು. ಉಳಿದವನ್ನು ತಾಯಿ ಅಕ್ಕು ಹೊಸ ಅನ್ನಕ್ಕೆಂದು ಉಗುರಲ್ಲಿ ಸುಲಿಯುತ್ತಿದ್ದಳು. ಅವನ್ನೇ ಯಾಕೆ ಕೊಯ್ದದ್ದೆಂದು ಕೇಳಿದ.

“ಅಷ್ಟೂ ಗದ್ದಿಯಂಗೆ ಅದೇ ಲಾಯ್ಕ್ ಇದ್ದಿತ್ ಮಗಾ. ದೇವ್ರಿಗೆ ಜಳ್ಳ್ ಕಟ್ಟುಕಾತ್ತಾ?”

ಕಂಬದ ತೆನೆಯೊಂದನ್ನು ಬಿಚ್ಚದೆ, ನಿಂತಲ್ಲೇ ಎಣಿಸಿದ. ನೂರ ಎಪ್ಪತ್ತೆಂಟು. ಸಾಹೇಬರ ಲೆಕ್ಕದ ದುಪ್ಪಟ್ಟಿಗಿಂತ ಹೆಚ್ಚು. ಕುಣಿಯಬೇಕೆನಿಸಿತು. ಒಂದು ಕಾಳು ಕಿತ್ತು ಕಚ್ಚಿದ. ಹಿಟ್ಟಿನ ಹಾಗೆ ಮೆತ್ತಗಿತ್ತು. ಬಿತ್ತಿದರೆ ಹುಟ್ಟುವ ಕಾಳಲ್ಲ. ಮತ್ತೆ ಮದುವೆ ಮಾಡಿಸೋಣವೆಂದರೆ ಅಪ್ಪ ಅಮ್ಮ ಎರಡೂ ತಳಿ ಆಗಲೇ ಫಾರ್ಮಿನ ಗೊಬ್ಬರಗುಂಡಿ ಸೇರಿದ್ದವು. ತಾಯಿಯ ಮೇಲೆ ಸಿಟ್ಟು ಉಕ್ಕಿತು. ಆದರೆ ಹೇಳದೆ ಮುಚ್ಚಿಟ್ಟವನು ತಾನೇ ಅಲ್ಲವೇ?

ಎಲೆ ಹಾಕಿಯಾಗಿತ್ತು. ಹಿರಿಯರ ಅಪ್ಪಣೆ ಕೇಳದೆ ಹೊಸ ಅನ್ನ ಬಾಯಿಗಿಡುವಂತಿಲ್ಲ. ಅವನು ಕೇಳಲೆಂದು ಮನೆಯವರೆಲ್ಲ ಅವನ ಮುಖ ನೋಡುತ್ತಿದ್ದರು.

“ಹೊಸ್ತ್ ಉಂತೆ ಅಮ್ಮ,” ಎಂದ.

“ಉಣ್ ಮಗಾ.”

ತುತ್ತು ಬಾಯಿಗಿಟ್ಟ. ಅನ್ನ ಬಹಳ ರುಚಿಯಾಗಿತ್ತು. ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ.