ಮೀನಿಗೆ ಒಪ್ಪದ ಮನೆ

ಆ ಮಂಗಳವಾರ ಬೆಳಿಗ್ಗೆಯೂ ನಾನು ಇಡ್ಲಿ ಹಿಟ್ಟು ಹೊಯ್ಯುತ್ತಿದ್ದಾಗಲೇ ಮೀನಿನವರು ಬಂದರು. ಕಟ್ಟೆಮಳಲವಾಡಿಯಿಂದ ಹುಣಸೂರಿನ ನಮ್ಮ ಬಡಾವಣೆಗೆ ವಾರಕ್ಕೊಮ್ಮೆ ಬಂದು ಅಕ್ವೇರಿಯಂ ನೋಡಿಕೊಳ್ಳುತ್ತಿದ್ದವರು. ಸೋಪು ಮುಟ್ಟದೆ ಮೊಣಕೈವರೆಗೆ ತೊಳೆದು, ಗಾಳಿಯಲ್ಲೇ ಒಣಗಿಸಿಕೊಂಡು, ಆಮೇಲಷ್ಟೇ ಉಪ್ಪುನೀರಿಗೆ ಕೈ ಹಾಕುವರು.

ಹಿಂದಿನ ವಾರ ನಾನು, ನಮ್ಮ ಜೋಡಿ ಕಿತ್ತಳೆ ಕ್ಲೌನ್ ಮೀನುಗಳು ಆತುಕೊಂಡಿರಲು ಹೂವಿನಂತೆ ಎಸಳು ಚಾಚುವ ಕಡಲಜೀವಿ, ಒಂದು ಅನಿಮೋನ್ ಬೇಕೆಂದಾಗ, ಎಸಳಿನ ತುದಿಯಲ್ಲಿ ಗುಳ್ಳೆಗಳಿರುವ ಚಿಕ್ಕದನ್ನೇ ತರೋಣ ಎಂದಿದ್ದರು. ನಾನು ಮೈಸೂರಿನ ಅಂಗಡಿಯಲ್ಲಿ ಕಂಡ, ಕಂಬಳಿಯಂತೆ ಹರಡಿಕೊಳ್ಳುವ ಹಸಿರು ಜಾತಿಯನ್ನು ಹೇಳಿದೆ.

"ಅದು ಮೀನೇ ನುಂಗ್ಬುಡ್ತದೆ. ಮೀನ್ಗೆ ಒಪ್ಬೇಕು ಕಣಕ್ಕ, ನಮ್ ಕಣ್ಗಲ್ಲ," ಎಂದು ಮೆಲ್ಲಗೆ ನಕ್ಕಿದ್ದರು.

ಕಿಟಕಿ ಪರದೆಯ ಬಣ್ಣಕ್ಕೆ ಹೊಂದುತ್ತದೆಂದು ಭಾನುವಾರ ನಾನೇ ಅದನ್ನು ತಂದು ಬಿಟ್ಟಿದ್ದೆ.

ಆ ಮಂಗಳವಾರ ಅವರು ಎಂದಿನಂತೆ ಬೆರಳು ಮಡಿಸಿ ಮೀನು ಎಣಿಸಿದರು, ಮತ್ತೆ ಎಣಿಸಿದರು. ಹಸಿರು ಮಡಿಕೆಗಳ ನಡುವೆ ಒಂದು ಕಿತ್ತಳೆ ಬಾಲ ಮಾತ್ರ ಕಾಣುತ್ತಿತ್ತು. ಕರಿಬೇವಿಗೆಂದು ಬಂದಿದ್ದ ಪಕ್ಕದ ಮನೆಯಾಕೆ ಅದನ್ನು ನೋಡಿ, "ಅಯ್ಯೋ, ಇದನ್ಯಾರ್ರೀ ತಂದು ಬಿಟ್ಟಿದ್ದು?" ಎಂದಳು. ಅವಳ ಮನೆಯ ಅಕ್ವೇರಿಯಂ ನೋಡಿಕೊಳ್ಳುತ್ತಿದ್ದವರೂ ಅವರೇ.

"ಇವರೇ," ಎಂದುಬಿಟ್ಟೆ.

ಅವರು ನನ್ನ ಕಡೆ ನೋಡಲಿಲ್ಲ. "ಇನ್ನೊಂದ್ನಾರೂ ಉಳಿಸ್ಕೊಳವ ಕಣಕ್ಕ," ಎಂದು ಉಳಿದ ಮೀನನ್ನು ಬೇರೆ ಮಾಡಿಟ್ಟು, ಕಾಫಿ ಕುಡಿಯದೆ ಹೋದರು.

ಪಕ್ಕದ ಮನೆಗೆ ಹೋಗಿ ನಿಜ ಹೇಳಬೇಕೆಂದು ದಿನವಿಡೀ ಅಂದುಕೊಂಡೆ. ಹೋಗಲು ಮುಖವಿರಲಿಲ್ಲ. ಸಂಜೆ ಆಕೆಯೇ ಒಣಗಿದ ಬಟ್ಟೆ ತೆಗೆಯುತ್ತ ಕಾಂಪೌಂಡಿನಾಚೆಯಿಂದ ಹೇಳಿದಳು:

"ಆ ಮೀನಿನವ್ನಿಗೆ ನಮ್ಮನೆಗೂ ಬರ್ಬೇಡ ಅಂತ ಫೋನ್ ಮಾಡ್ಬುಟ್ಟೆ ಕಣ್ರೀ. 'ಆಯ್ತು ಕಣವ್ವ' ಅಂದ, ಅಷ್ಟೆಯ."