ನಲವತ್ತೊಂದನೆಯ ಸಾಲಿನ ಸಹಿ

ಕಾರು ನಿಲ್ಲಿಸಿ, ಸೀರೆಯ ನೆರಿಗೆ ಸರಿಮಾಡಿಕೊಂಡು ಗುಲಾಬಿ ಇಳಿಯುವಷ್ಟರಲ್ಲಿ ರೇಷ್ಮೆ ಪಂಚೆ ಉಟ್ಟ ಹಿರಿಯರೊಬ್ಬರು ಮುಂದಿನ ಎಡಗಾಲಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಅದು 2022ರ ನವೆಂಬರ್. ಅಟ್ಲಾಂಟಾ ಬಳಿಯ ಜಾನ್ಸ್ ಕ್ರೀಕ್‌ನ ಶಾಲೆಯೊಂದರಲ್ಲಿ ಕನ್ನಡ ಕೂಟದ ರಾಜ್ಯೋತ್ಸವ. ಒಳಗಡೆ ಮೈಕಿನ ಪರೀಕ್ಷೆ ನಡೆದಿತ್ತು.

"ಇದನ್ನ ಓಡಿಸ್ಕೊಂಡು ಬಂದ್ರಾ?" ಎಂದು ಅವರು ತಲೆ ಎತ್ತದೆ ಕೇಳಿದರು.

"ಹೌದು. ಎಂತ ಆಯ್ತು?"

"ಬ್ರೇಕ್ ಒತ್ತಿದ್ರೆ ಎಡಕ್ಕೆ ಎಳೆಯುತ್ತೆ, ಅಲ್ವೇನ್ರಿ?"

"ಎಳೀತದೆ. ನಾನು ಸ್ವಲ್ಪ ಬಲಕ್ಕೆ ಹಿಡ್ಕೊಳ್ತೇನೆ. ಅಭ್ಯಾಸ ಆಗಿದೆ."

"ಅಂಥದ್ದೆಲ್ಲ ಅಭ್ಯಾಸ ಆಗ್ಬಾರ್ದು" ಎಂದು ಅವರು ಎದ್ದು ನಿಂತರು. "ವಾಪಸ್ ನಮ್ ವ್ಯಾನಲ್ಲಿ ಬನ್ನಿ. ಇದನ್ನ ನಾಳೆ ಟೋ ಮಾಡ್ಸೋಣ."

ಹೆಸರು ಕೂಡ ಹೇಳದೆ ಹೀಗೆ ಅಪ್ಪಣೆ ಕೊಡುವವರನ್ನು ಕಂಡರೆ ಗುಲಾಬಿಗೆ ಆಗುತ್ತಿರಲಿಲ್ಲ. ಐವತ್ತೊಂದು ವರ್ಷದ ಹಲ್ಲಿನ ಡಾಕ್ಟರು ಅವಳು. ಅಪ್ಪಣೆ ಕೊಟ್ಟೇ ರೂಢಿ. ಆದರೂ ಆ ದಿನ ಊಟ ಮುಗಿಸಿ ಅವರ ವ್ಯಾನಿನಲ್ಲೇ ಮನೆಗೆ ಹೋದಳು. ಅವರು ಗಾಲಿಯನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ಒಳಗಿನಿಂದ ಬಂದ 'ಟಕ್' ಎಂಬ ಸದ್ದನ್ನು ಅವಳೂ ಕೇಳಿದ್ದಳು.

ಕಾರು 1971ರ ಹಸಿರು ಎಂಜಿಬಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮಡಚುವ ಮಾಡು. ಕುಂದಾಪುರದಲ್ಲಿ ಚಿಕ್ಕವಳಿದ್ದಾಗ ಯಾವುದೋ ಕ್ಯಾಲೆಂಡರಿನಲ್ಲಿ ಅಂಥ ಕಾರನ್ನು ನೋಡಿದ್ದಳು. ಸೌತ್ ಕ್ಯಾರೊಲಿನಾದ ನಿವೃತ್ತ ಮೇಷ್ಟ್ರೊಬ್ಬರು ಮಾರುತ್ತಿದ್ದಾರೆಂದು ತಿಳಿದಾಗ ಎರಡನೆಯ ಯೋಚನೆ ಮಾಡಲಿಲ್ಲ. ಗಂಡ ರಘುಪತಿ ಮಾತ್ರ ಆ ಕಾರಿಗೆ ದೂರದಿಂದಲೇ ಕೈಮುಗಿದಿದ್ದ.

ಆ ಹಿರಿಯರ ಹೆಸರು ಗುರುಶಾಂತಪ್ಪ, ಹರಿಹರದ ಕಡೆಯವರು. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡು, ಆಮೇಲೆ ಅಟ್ಲಾಂಟಾ ವಿಮಾನ ನಿಲ್ದಾಣದ ಹ್ಯಾಂಗರುಗಳಲ್ಲಿ ಇಪ್ಪತ್ತಮೂರು ವರ್ಷ ವಿಮಾನದ ಗಾಲಿ ಮತ್ತು ಬ್ರೇಕುಗಳನ್ನು ನೋಡಿಕೊಂಡವರು. 2020ರಲ್ಲಿ ವಿಮಾನಗಳೆಲ್ಲ ನೆಲ ಹಿಡಿದಾಗ ಕಂಪನಿಯವರು ಅವಧಿಗೆ ಮುಂಚೆ ನಿವೃತ್ತಿ ಕೊಡುತ್ತೇವೆಂದರು, ತೆಗೆದುಕೊಂಡರು. ಮನೆಯಲ್ಲಿ ಒಂದು ತಿಂಗಳು ಸುಮ್ಮನೆ ಕೂತ ಗಂಡನನ್ನು ನೋಡಲಾರದೆ ರಾಜಲಕ್ಷ್ಮಿಯವರೇ ತಮ್ಮ ವ್ಯಾನನ್ನು ಅಂಗಳಕ್ಕೆ ತಂದು ನಿಲ್ಲಿಸಿ ಗರಾಜು ಖಾಲಿ ಮಾಡಿಕೊಟ್ಟರಂತೆ. ಅಲ್ಲಿಂದ ಹಳೆಯ ಕಾರುಗಳು ಒಂದೊಂದಾಗಿ ಬರತೊಡಗಿದವು. ಸಾಮಾನು ನೀವು ತರಿಸಬೇಕು, ಕೂಲಿ ಬೇಡ, ಆದರೆ ಶನಿವಾರ ಬಂದು ಪಕ್ಕದಲ್ಲಿ ನಿಂತು ನೋಡಬೇಕು: ಇಷ್ಟೇ ಅವರ ಕರಾರು.

ಮೊದಲ ಶನಿವಾರ ಮುಂಭಾಗವನ್ನೆಲ್ಲ ಬಿಚ್ಚಿ ಮೇಜಿನ ಮೇಲೆ ಹರಡಿದರು. ಕೀಲುಗಳ ನಡುವಿನ ರಬ್ಬರಿನ ಬುಷ್‌ಗಳು ಹಳೆಯ ರಸ್ಕಿನಂತೆ ಬೆರಳಿಗೇ ಪುಡಿಯಾದವು.

"ಕಬ್ಬಿಣ ಚೆನ್ನಾಗೈತೆ. ಅದನ್ನ ಹಿಡ್ಕೊಂಡಿರೋದೆಲ್ಲ ಹೋಗೈತೆ" ಎಂದರು.

"ಹಲ್ಲು ಗಟ್ಟಿ, ವಸಡು ಇಲ್ಲ" ಎಂದಳು ಗುಲಾಬಿ.

"ಹಂಗೇ ಅಂತಿಟ್ಕೊಳ್ರಿ ಡಾಕ್ಟ್ರೇ." ಅವರು ಮೊದಲ ಸಲ ನಕ್ಕದ್ದು ಆಗ.

ಐವತ್ತು ವರ್ಷದ ಹಿಂದಿನ ಬ್ರೇಕು ಆ ಕಾಲದ ಖಾಲಿ ರಸ್ತೆಗೆ ಸಾಕಾಗುತ್ತಿತ್ತು. ಈಗ ಹೈವೇ 400ರಲ್ಲಿ ಮುಂದಿನ ಗಾಡಿ ಗಕ್ಕನೆ ನಿಂತರೆ ಇದೂ ನಿಲ್ಲಬೇಕಲ್ಲ. ಅದಕ್ಕೆ ಗಾಲಿಯ ಜೊತೆ ತಿರುಗುವ ದೊಡ್ಡ ರೋಟರ್ ತಟ್ಟೆಗಳು ಬಂದವು, ಅವುಗಳನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಹೊಸ ಕ್ಯಾಲಿಪರ್‌ಗಳು ಬಂದವು, ಬ್ರೇಕಿನ ಎಣ್ಣೆ ಸಾಗುವ ಉಕ್ಕಿನ ಹೆಣಿಗೆಯ ಹೋಸುಗಳು ಬಂದವು. ಹಳೆಯ ಶಾಕ್ ಅಬ್ಸಾರ್ಬರ್ ಬದಲು ಕೊಳವೆಯಂಥ ಹೊಸವು. ಸ್ಪ್ರಿಂಗ್ ಕೂರಿಸುವ ದಿನ ಅವರು ಗುಲಾಬಿಯನ್ನು ಗರಾಜಿನ ಬಾಗಿಲಾಚೆ ನಿಲ್ಲಿಸಿದರು. ಅದುಮಿಟ್ಟ ಸ್ಪ್ರಿಂಗ್ ಜಾರಿದರೆ ಎದುರಿಗೆ ಯಾರಿದ್ದಾರೆಂದು ನೋಡುವುದಿಲ್ಲ ಎಂದರು. ತಾವು ಮಾತ್ರ ಹತ್ತಿರವೇ ಇದ್ದು, ಅವಸರವಿಲ್ಲದೆ, ಅದುಮುವ ಸಾಧನದ ಸ್ಕ್ರೂವನ್ನು ಕಾಲು ಸುತ್ತಿನಷ್ಟೇ ತಿರುಗಿಸುತ್ತಾ ಅದನ್ನು ಮನೆಗೆ ಸೇರಿಸಿದರು.

ಗುಲಾಬಿಯನ್ನು ಸೆಳೆದದ್ದು ಅವರ ಬಲವಲ್ಲ, ಕ್ರಮ. ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಅದರಲ್ಲಿ ಒಂದೊಂದು ಕೆಲಸಕ್ಕೆ ಒಂದರಂತೆ ಎಪ್ಪತ್ತೆರಡು ಸಾಲು, ದುಂಡನೆಯ ಕನ್ನಡ ಅಕ್ಷರ. ಪ್ರತಿ ಬೋಲ್ಟನ್ನೂ ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ 'ಕಟ್' ಎನ್ನುವವರೆಗೆ ಬಿಗಿದು, ನಟ್ಟಿನಿಂದ ಕಬ್ಬಿಣದವರೆಗೆ ಹಳದಿ ಬಣ್ಣದ ಒಂದು ಗೆರೆ ಎಳೆಯುವರು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಆಮೇಲೆ ಹಾಳೆಯಲ್ಲಿ ಆ ಸಾಲಿನೆದುರು ಸಹಿ. ಇಪ್ಪತ್ತೈದು ವರ್ಷ ಕ್ಲಿನಿಕ್ಕಿನಲ್ಲಿ ಕಳೆದ ಅವಳಿಗೂ ಅಷ್ಟು ತಾಳ್ಮೆಯಿರಲಿಲ್ಲ. ಅದನ್ನು ಮನಸ್ಸಿನಲ್ಲೇ ಒಪ್ಪಿಕೊಂಡಳು.

ಏಪ್ರಿಲ್‌ನಲ್ಲಿ ಕಾರು ಸಿದ್ಧವಾಯಿತು. ಹತ್ತು ದಿನ ಊರೊಳಗೆ ಓಡಿಸಿ, ಒಂದು ಶನಿವಾರ ಗುಲಾಬಿ ಒಬ್ಬಳೇ ನಾರ್ತ್ ಕ್ಯಾರೊಲಿನಾದ ಬೆಟ್ಟಗಳ ಕಡೆ ಹೊರಟಳು. ರಾತ್ರಿ ಸಿಲ್ವಾ ಎಂಬ ಊರಿನ ಒಂದು ಚಿಕ್ಕ ಹೋಟೆಲಿನಲ್ಲಿ ತಂಗಿ, ಭಾನುವಾರ ಬೆಳಗ್ಗೆ ಎಂಟೂವರೆಗೆ ಬ್ಲೂ ರಿಡ್ಜ್ ಪಾರ್ಕ್‌ವೇ ಎಂಬ ಬೆಟ್ಟದ ರಸ್ತೆ ಹಿಡಿದಳು. ಮಧ್ಯಾಹ್ನದ ಬುತ್ತಿಯನ್ನು ವಾಟರ್‌ರಾಕ್ ನಾಬ್ ಎಂಬ ಶಿಖರದ ಬಳಿ ಬಿಚ್ಚುವುದಾಗಿ ಗುರುಶಾಂತಪ್ಪನವರಿಗೆ ಮೊದಲೇ ಹೇಳಿದ್ದಳು.

ಹೊರಟು ಅರ್ಧ ಗಂಟೆಯಾಗಿರಬಹುದು. ಇಳಿಜಾರಿನ ತಿರುವಿನಾಚೆ ರಸ್ತೆಯ ನಡುವೆ ಎಲ್ಕ್ ಎಂಬ ಭಾರಿ ಜಿಂಕೆಯೊಂದು ನಿಂತಿತ್ತು, ಕುದುರೆಯಷ್ಟು ಎತ್ತರ. ಗುಲಾಬಿ ಇದ್ದ ಬಲವನ್ನೆಲ್ಲ ಹಾಕಿ ಬ್ರೇಕ್ ತುಳಿದಳು. ಕೈ ತಾನಾಗಿ ಸ್ಟೀರಿಂಗನ್ನು ಬಲಕ್ಕೆ ಎಳೆಯಲು ಹೋಯಿತು, ಎಳೆಯಬೇಕಾಗಲಿಲ್ಲ. ಕಾರು ನೂಲು ಹಿಡಿದ ಹಾಗೆ ನೇರ ಹೋಗಿ, ಮೂತಿ ತಗ್ಗಿಸದೆ, ಎರಡು ಮಾರು ದೂರದಲ್ಲಿ ನಿಂತಿತು. ಎಲ್ಕ್ ಒಮ್ಮೆ ನೋಡಿ ಕಾಡಿಗಿಳಿಯಿತು. ಗುಲಾಬಿಗೆ ಮೊದಲು ನೆನಪಾದದ್ದು ಗುರುಶಾಂತಪ್ಪನವರು. ಫೋನ್ ತೆಗೆದಳು. ಸಿಗ್ನಲ್ ಇರಲಿಲ್ಲ.

ಸಾವಕಾಶವಾಗಿ ಅಲ್ಲಲ್ಲಿ ನಿಲ್ಲಿಸುತ್ತಾ ವಾಟರ್‌ರಾಕ್ ನಾಬ್ ತಲುಪಿ ಬುತ್ತಿ ಬಿಚ್ಚುವ ಹೊತ್ತಿಗೆ ಹನ್ನೆರಡಾಗಿತ್ತು. ಆಗಲೇ ಪರಿಚಿತ ಬಿಳಿ ವ್ಯಾನೊಂದು ಏರಿ ಬಂದು ಅವಳ ಕಾರಿನ ಪಕ್ಕ ನಿಂತಿತು. ಗುರುಶಾಂತಪ್ಪನವರು ಇಳಿದರು, ಹಿಂದೆಯೇ ರಾಜಲಕ್ಷ್ಮಿಯವರು.

ಅವರೂ ಬೆಟ್ಟ ನೋಡಲು ಬಂದಿದ್ದಾರೆಂದೇ ಗುಲಾಬಿ ಎಣಿಸಿದಳು. "ನಿಮ್ಮನ್ನೇ ನೆನೆಸಿಕೊಂಡಿದ್ದೆ. ಬೆಳಿಗ್ಗೆ ಒಂದು ಎಲ್ಕ್ ಅಡ್ಡ ಬಂತು, ನಿಮ್ಮ ಬ್ರೇಕ್ ಇರದಿದ್ರೆ..."

"ಡಾಕ್ಟ್ರೇ, ಕೀ ಕೊಡ್ರಿ ಮೊದಲು."

ಕೊಟ್ಟಳು. ಅವರು ಅದನ್ನು ಜೇಬಿಗಿಟ್ಟುಕೊಂಡು ಹೇಳಿದರು: "ನಂದೊಂದು ತಪ್ಪಾಗೈತೆ ಅಂತ ಕಾಣ್ತದೆ. ಬೆಳಿಗ್ಗೆ ಹಾಳೆ ತೆಗೆದಿಡೋಣ ಅಂತ ನೋಡ್ದೆ. ನಲವತ್ತೊಂದನೇ ಸಾಲಿಗೆ ಸಹಿ ಇಲ್ಲ."

ನಲವತ್ತೊಂದನೆಯ ಸಾಲೆಂದರೆ ಎಡಗಾಲಿಯನ್ನು ಹೊರುವ ಕೆಳಗಿನ ತೋಳನ್ನು, ಗಾಲಿ ಹೊರಳುವ ಅಚ್ಚಾದ ಕಿಂಗ್ ಪಿನ್ನಿಗೆ ಸೇರಿಸುವ ದಪ್ಪ ಬೋಲ್ಟು. ಅದರ ನಟ್ಟಿನ ಅಂಚಿನಲ್ಲಿ ಕಿರೀಟದಂತೆ ಕಚ್ಚುಗಳಿವೆ. ಆ ಕಚ್ಚಿನ ಮೂಲಕ ಒಂದು ಸಣ್ಣ ಪಿನ್ ತೂರಿಸಿ ಅದರ ಎರಡು ಕಾಲು ಮಡಚಿದರೆ ನಟ್ಟು ತಿರುಗಲಾರದು. ಪಿನ್ ಇಲ್ಲದೆ ನಟ್ಟು ಬಿಚ್ಚಿಕೊಂಡರೆ ಗಾಲಿ ಮಗುಚುತ್ತದೆ. ಹಾಕಿದ್ದೆನೋ ಇಲ್ಲವೋ ಅವರಿಗೆ ನೆನಪಾಗಿರಲಿಲ್ಲ. ಏಳು ಸಲ ಫೋನ್ ಮಾಡಿದ್ದರು. ಹೋಟೆಲಿಗೂ ಮಾಡಿದ್ದರು; ಆಗಲೇ ಹೊರಟು ಹೋದರು ಎಂಬ ಉತ್ತರ ಬಂದಿತ್ತು. ಮತ್ತೆ ಯೋಚಿಸದೆ ಹೊರಟು ಮೂರು ಗಂಟೆ ವ್ಯಾನ್ ಓಡಿಸಿದ್ದರು.

"ದಾರೀಲಿ ಎಲ್ಲೂ ನಿಲ್ಲಿಸ್ಲಿಲ್ಲಮ್ಮ ಇವ್ರು" ಎಂದರು ರಾಜಲಕ್ಷ್ಮಿ. "ನೀರೂ ಕುಡೀಲಿಲ್ಲ."

ಗುರುಶಾಂತಪ್ಪನವರು ಜ್ಯಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಾಪೆ ಹಾಸಿ ಅಡಿಗೆ ಸರಿದರು. ಟಾರ್ಚ್ ಹಿಡಿದು ಆ ನಟ್ಟನ್ನು ನೋಡಿದರು. ಆಮೇಲೆ ಒಳಗಿನಿಂದಲೇ, "ಇಲ್ಲ. ಪಿನ್ ಹಾಕಿಲ್ಲ" ಎಂದರು.

ಹಳದಿ ಗೆರೆ ಮುರಿದಿರಲಿಲ್ಲ. ನಟ್ಟು ಬಿಗಿದ ಜಾಗದಲ್ಲೇ ಇತ್ತು. ಪಿನ್ ತೂರಿಸಿ, ಅದರ ಕಾಲು ಮಡಚಿ ಹೊರಬಂದರು. ಬಿಳಿ ಅಂಗಿಯ ಬೆನ್ನೆಲ್ಲ ಧೂಳು.

"ಏನೂ ಆಗ್ಲಿಲ್ಲ ಅಲ್ಲವಾ" ಎಂದಳು ಗುಲಾಬಿ.

"ಆಗ್ಲಿಲ್ಲ ಅನ್ನೋದು ನಿಮ್ ಪುಣ್ಯ, ನನ್ ಕೆಲಸ ಅಲ್ಲ. ಯಾಕೆ ಬಿಟ್ಟೆ, ಯಾರು ಕರೆದ್ರು ಅನ್ನೋ ಕಥೆ ಬೇಡ. ಬಿಟ್ಟೆ." ಅವರು ವ್ಯಾನಿನಿಂದ ಹಾಳೆ ತಂದರು. "ಹ್ಯಾಂಗರಲ್ಲಿ ಒಂದು ನೇಮ ಇತ್ತು. ಪ್ರಾಣಕ್ಕೆ ಬರೋ ಕೆಲಸಕ್ಕೆ ಮಾಡಿದವನೇ ಸಹಿ ಹಾಕಂಗಿಲ್ಲ. ಇನ್ನೊಬ್ಬ ನೋಡಿ ಹಾಕ್ಬೇಕು. ಮನೇಗೆ ಬಂದ್ಮೇಲೆ ನನಗೆ ನಾನೇ ಸಾಕು ಅಂದ್ಕೊಂಡೆ." ಪೆನ್ನನ್ನು ಅವಳ ಮುಂದೆ ಹಿಡಿದರು. "ನೋಡ್ರಿ. ಕಂಡ್ರೆ ಹಾಕ್ರಿ, ಕಾಣ್ದಿದ್ರೆ ಬ್ಯಾಡ."

ಗುಲಾಬಿ ಫೋನಿನ ಬೆಳಕು ಹಿಡಿದು ಚಾಪೆಯ ಮೇಲೆ ಮಲಗಿ ಅಡಿಗೆ ಸರಿದಳು. ಹೊಸ ಪಿನ್ ಮಿಂಚುತ್ತಿತ್ತು. ಎರಡು ಕಾಲುಗಳೂ ಸರಿಯಾಗಿ ಮಡಚಿದ್ದವು. ಬಂದು ಸಹಿ ಹಾಕಿದಳು. ಅದಾದ ಮೇಲೆಯೇ ಅವರು ನೀರು ಕುಡಿದದ್ದು. ಸಂಜೆ ಮನೆ ಸೇರುವವರೆಗೂ ವ್ಯಾನು ಅವಳ ಹಿಂದೆಯೇ ಬಂತು.

ಅಷ್ಟಕ್ಕೇ ಅವರು ಬಿಡಲಿಲ್ಲ. ಒಂದು ತಪ್ಪಿದ್ದಲ್ಲಿ ಇನ್ನೊಂದಿರಬಹುದೆಂದು ಎಪ್ಪತ್ತೆರಡು ಸಾಲನ್ನೂ ಮೊದಲಿನಿಂದ ನೋಡಿದರು, ಈ ಸಲ ಗುಲಾಬಿಯ ಎದುರಿಗೆ. ಆಮೇಲೆ ಆ ಮೂರು ವರ್ಷಗಳಲ್ಲಿ ತಾವೊಬ್ಬರೇ ಸಹಿ ಮಾಡಿ ಕಳಿಸಿದ ನಾಲ್ಕು ಕಾರಿನವರಿಗೆ ಫೋನ್ ಮಾಡಿ, ನಡೆದದ್ದನ್ನು ನಡೆದ ಹಾಗೆ ಹೇಳಿ, ಕಾರು ತರಲು ಕೇಳಿಕೊಂಡರು. ಗ್ರೀನ್‌ವಿಲ್‌ನವನೊಬ್ಬ ತನ್ನದು ಚೆನ್ನಾಗಿಯೇ ಓಡುತ್ತಿದೆ, ಬಿಡುವಿಲ್ಲ ಎಂದ. ಅವನ ಮನೆಗೆ ಇವರೇ ಹೋದರು. ನಾಲ್ಕರಲ್ಲೂ ಯಾವ ಕೊರತೆಯೂ ಸಿಗಲಿಲ್ಲ. ತನ್ನ ತಪ್ಪನ್ನು ಮನುಷ್ಯ ಮುಚ್ಚಿಡುವ ನೂರು ಬಗೆಯನ್ನು ಗುಲಾಬಿ ಕಂಡಿದ್ದಳು. ಅದನ್ನು ಹೀಗೆ ಮನೆಮನೆಗೆ ಹೊತ್ತುಕೊಂಡು ಹೋಗಿ ಹೇಳಿದವರನ್ನು ಕಂಡದ್ದು ಅದೇ ಮೊದಲು.

ಅಂದಿನಿಂದ ಹಾಳೆಯಲ್ಲಿ ಸಹಿಗೆ ಎರಡು ಕಾಲಂಗಳಾದವು. ಎರಡನೆಯದು ಗುಲಾಬಿಯದು. ಶನಿವಾರ ಕ್ಲಿನಿಕ್ಕಿನಿಂದ ಬಾಯಿ ನೋಡುವ ಒಂದು ಹಳೆಯ ಕನ್ನಡಿ ತಂದು, ಕಣ್ಣು ನೇರ ಹೋಗದ ಸಂದುಗಳಿಗೆ ಅದನ್ನು ತೂರಿಸಿ ನೋಡುವಳು. ಗುರುಶಾಂತಪ್ಪನವರು ಪಕ್ಕದಲ್ಲಿ ಕೈಕಟ್ಟಿ ನಿಲ್ಲುವರು.

ಮರುವರ್ಷದ ಮಾರ್ಚ್‌ನಲ್ಲಿ ಷಾರ್ಲಟ್‌ನ ಪ್ರಶಾಂತ್ ಎಂಬವನ ಕಾರು ಬಂತು. ಅದಕ್ಕೂ ಅದೇ ಕೆಲಸ. ಕೊನೆಯ ಶನಿವಾರ ಪ್ರಶಾಂತ್ ಕಾರು ಒಯ್ಯಲು ಬಂದು ಕಾಯುತ್ತಿದ್ದ. ಗುಲಾಬಿ ಅವನಿಗೆ ಸ್ಟೀರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಲು ಹೇಳಿ, ಕನ್ನಡಿ ಹಿಡಿದು ನೋಡಿ, ಅರುವತ್ತನೆಯ ಸಾಲಿಗೆ ಬಂದು ನಿಂತಳು.

"ಈ ಬ್ರೇಕ್ ಹೋಸ್ ಟೈರಿಗೆ ತಾಗ್ತಾ ಉಂಟು."

"ತಾಗಲ್ಲ ಡಾಕ್ಟ್ರೇ. ಅರ್ಧ ಇಂಚು ಜಾಗ ಬಿಟ್ಟೀನಿ."

"ನಂಗೆ ಕಾಣ್ತಾ ಉಂಟು. ನಾನು ಸೈನ್ ಹಾಕುದಿಲ್ಲ."

ಪ್ರಶಾಂತ್ ಇಬ್ಬರ ಮುಖವನ್ನೂ ನೋಡಿದ. ಗುರುಶಾಂತಪ್ಪನವರು ಒಂದು ಕಾಗದದ ಚೂರು ತೆಗೆದು ಹೋಸಿಗೂ ಟೈರಿಗೂ ನಡುವೆ ತೂರಿಸಲು ಹೋದರು. ಕಾಗದ ಒಳಗೆ ಹೋಗಲಿಲ್ಲ. ಎರಡನೆಯ ಸಲವೂ ಹೋಗಲಿಲ್ಲ. ಅವರು ಸ್ಟೂಲನ್ನು ಹತ್ತಿರ ಎಳೆದುಕೊಂಡು ಗಾಲಿ ಬಿಚ್ಚತೊಡಗಿದರು.

"ಅಂಕಲ್, ಇನ್ನು ಎಷ್ಟು ಹೊತ್ತಾಗ್ಬೋದು?" ಎಂದು ಪ್ರಶಾಂತ್ ಕೇಳಿದ.

"ನನ್ ಕೇಳ್ಬೇಡಪ್ಪ" ಎಂದರು ಗುರುಶಾಂತಪ್ಪನವರು, ನಟ್ಟಿನಿಂದ ಕಣ್ಣು ತೆಗೆಯದೆ. "ಡಾಕ್ಟ್ರನ್ನ ಕೇಳು."